ಲಾಗ್ ಅನ್ನೋ ಮರದ ತುಂಡು

"ಲಾಗ್ ನೋಡಿದ್ರಾ?" ಅಂತ ದಿನಕ್ಕೆ ಹತ್ತು ಸಲ ಕೇಳೋ ಕೆಲಸ ನನ್ನದು. ಸರ್ವರ್ ಯಾವಾಗ ಏನು ಮಾಡ್ತು, ಯಾರು ಒಳಗೆ ಬಂದ್ರು, ಎಲ್ಲಿ ಮುಗ್ಗರಿಸ್ತು ಅಂತ ಸಾಲುಸಾಲಾಗಿ ಬರೆದಿಡುವ ಫೈಲು ಅದು. ಬಿಇ ಮುಗಿಯೋವರೆಗೂ ಊರ ಕೆರೆಗಿಂತ ದೊಡ್ಡ ನೀರು ನೋಡಿರದ ನನಗೆ, ಈ ಪದ ಹಡಗಿನದು ಅಂತ ಗೊತ್ತಾಗಿದ್ದು ತೀರಾ ತಡವಾಗಿ.

ಲಾಗ್ ಅಂದ್ರೆ ನಿಜಕ್ಕೂ ಮರದ ತುಂಡೇ. ಹಾಯಿಹಡಗಿನ ಕಾಲದಲ್ಲಿ ವೇಗ ತಿಳಿಯೋಕೆ ಹಗ್ಗ ಕಟ್ಟಿದ ಹಲಗೆಯನ್ನು ಹಿಂಬದಿಯಿಂದ ನೀರಿಗೆ ಎಸೆಯುತ್ತಿದ್ದರು. ಹಲಗೆ ಹೆಚ್ಚುಕಡಿಮೆ ಬಿದ್ದಲ್ಲೇ ನಿಲ್ಲುತ್ತೆ, ಹಡಗು ಮುಂದೆ ಹೋಗುತ್ತೆ, ಹಗ್ಗ ಬಿಚ್ಚಿಕೊಳ್ಳುತ್ತೆ. ಹಗ್ಗಕ್ಕೆ ಸಮ ಅಂತರದಲ್ಲಿ ಗಂಟುಗಳು. ಸುಮಾರು ಅರ್ಧ ನಿಮಿಷದ ಮರಳು ಗಡಿಯಾರ ಖಾಲಿಯಾಗೋದ್ರೊಳಗೆ ಕೈಯಿಂದ ಎಷ್ಟು ಗಂಟು ಜಾರಿದವೋ ಅಷ್ಟು 'ನಾಟ್' ವೇಗ. (ಈಗಲೂ ಒಂದು ನಾಟ್ ಅಂದ್ರೆ ಗಂಟೆಗೆ 1.852 ಕಿಲೋಮೀಟರ್.) ಆ ಲೆಕ್ಕ ಬರೆದಿಡೋ ಪುಸ್ತಕ ಲಾಗ್‌ಬುಕ್ ಆಯ್ತು. ದಡ ಕಾಣದ ಕಡೆ ತಾವೆಲ್ಲಿದ್ದೇವೆ ಅಂತ ಹೇಳೋಕೆ ಅದೇ ಆಧಾರ. ಅದರಲ್ಲಿ ಸುಳ್ಳು ಬರೆದ್ರೆ ಬಂಡೆಗೆ ಬಡಿಯೋದು ಬರೆದವನ ಹಡಗೇ.

ಆದರೂ ಒಬ್ಬ ಬರೆದ. 1968ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ಕ್ರೌಹರ್ಸ್ಟ್, ಒಬ್ಬನೇ ಎಲ್ಲೂ ನಿಲ್ಲದೆ ಭೂಮಿ ಸುತ್ತುವ ಪಂದ್ಯಕ್ಕೆ ಹೊರಟ. ದೋಣಿ ಆ ಪ್ರಯಾಣ ತಾಳುವಂತಿರಲಿಲ್ಲ, ವಾಪಸ್ ಬಂದ್ರೆ ಅಡವಿಟ್ಟ ಮನೆ ಹೋಗೋ ಭಯ. ಅಟ್ಲಾಂಟಿಕ್‌ನಲ್ಲೇ ಸುತ್ತಾಡುತ್ತಾ, ಬಹಳ ದೂರ ಹೋಗಿದ್ದೀನಿ ಅಂತ ರೇಡಿಯೋದಲ್ಲಿ ಹೇಳಿದ. 1969ರ ಜುಲೈನಲ್ಲಿ ದೋಣಿ ಸಿಕ್ತು, ಅವನು ಸಿಗಲಿಲ್ಲ. ಲಾಗ್‌ಬುಕ್ಕುಗಳಿದ್ದವು. ಅವನು ನಿಜವಾಗಿ ಎಲ್ಲಿದ್ದ ಅನ್ನೋದೂ ಅವುಗಳಲ್ಲಿತ್ತು. ದೋಣಿ ನಡೆಸೋಕೆ ನಿಜದ ಲೆಕ್ಕ ಬೇಕಿತ್ತು, ಸರಿ. ಆದರೆ ಕೊನೆಗೆ ಅದನ್ನು ಸಮುದ್ರಕ್ಕೆ ಎಸೆಯೋದು ಎಷ್ಟೊತ್ತಿನ ಕೆಲಸ? ಎಸೆಯಲಿಲ್ಲ. ಅವನನ್ನ ಬರೀ ಮೋಸಗಾರ ಅನ್ನೋಕೆ ನನಗೆ ಬಾಯಿ ಬರಲ್ಲ.

ಯಾಕಂದ್ರೆ ನಾನು ಎಸೆದಿದ್ದೀನಿ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ರಾತ್ರಿ ಎರಡು ಗಂಟೆಗೆ, ತಪ್ಪು ಸರ್ವರ್‌ನಲ್ಲಿ ಕಮಾಂಡ್ ಕೊಟ್ಟು ಗ್ರಾಹಕರ ಒಂದು ದಿನದ ಲೆಕ್ಕ ಅಳಿಸಿಬಿಟ್ಟೆ. ಬ್ಯಾಕಪ್ ಇತ್ತು, ವಾಪಸ್ ಹಾಕಿದೆ. ಅಷ್ಟರಲ್ಲಿ ಅರ್ಧ ಗಂಟೆ ಎಲ್ಲಾ ನಿಂತಿತ್ತು. ಆಮೇಲೆ ಲಾಗ್‌ನಲ್ಲಿ ನನ್ನ ಹೆಸರಿದ್ದ ನಾಲ್ಕು ಸಾಲನ್ನೂ ತೆಗೆದೆ. ಯಾರಿಗೂ ನಷ್ಟ ಆಗಿಲ್ವಲ್ಲ ಅಂತ ಸಮಾಧಾನ ಮಾಡ್ಕೊಂಡೆ.

ಕಾರಣ ಹುಡುಕೋ ಕೆಲಸ ಆಗಷ್ಟೇ ಸೇರಿದ್ದ ಹುಡುಗನ ಪಾಲಿಗೆ ಬಂತು. ಮೂರು ದಿನ ನನ್ನ ಪಕ್ಕದ ಸೀಟಲ್ಲೇ ಕೂತು ಆ ಲಾಗನ್ನ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದ. "ಏನಾದ್ರೂ ಸಿಕ್ತೇನೋ?" ಅಂತ ಟೀಗೆ ಹೋದಾಗ ಕೇಳಿದ್ದೂ ನಾನೇ.