ಫಲತ್ಯಾಗವೂ ಪರರ ಫಲವೂ

ಮಳವಳ್ಳಿ ಸೀಮೆಯ ಪೂರಿಗಾಲಿಯಂತಹ ಒಕ್ಕಲುತನದ ಊರಿನಲ್ಲಿ ಕುಳಿತು ಗೀತೆಯ ಎರಡನೆಯ ಅಧ್ಯಾಯದ 47ನೆಯ ಶ್ಲೋಕವನ್ನು ಮನನಮಾಡುವವನಿಗೆ, ಅಧಿಕಾರವಿರುವುದು ಕರ್ಮದಲ್ಲಿಯೇ ಹೊರತು ಫಲದಲ್ಲಲ್ಲವೆಂಬ ಆ ಮಹೋಪದೇಶವು ಕಠಿಣವಾದೊಂದು ಪ್ರಶ್ನೆಯನ್ನು ಒಡ್ಡದೆ ಇರದು: ಬೆವರು ಸುರಿಸಿದವನಿಗೆ ಈ ಮಾತನ್ನು ಹೇಳತಕ್ಕವರು ಯಾರು? ಇದೇ ಸೀಮೆಯ ಶಿವನಸಮುದ್ರದಲ್ಲಿ ಕಾವೇರಿಯಿಂದ ಹುಟ್ಟಿದ ವಿದ್ಯುತ್ತು 1902ರಲ್ಲಿ ಮೊದಲು ಹರಿದುದು ಸುತ್ತಣ ಹಳ್ಳಿಗಳಿಗಲ್ಲ, ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಆ ಗಣಿಗಳ ಆಳದಲ್ಲಿ ದುಡಿದವರ ಪಾಲಿಗಾದರೂ ಚಿನ್ನವು ಬರಲಿಲ್ಲ. ಅವರೆಲ್ಲರೂ ಫಲವನ್ನು ಬಿಟ್ಟವರೇ. ಆದರೆ ಬಿಡಬೇಕೆಂದು ಸಂಕಲ್ಪಿಸಿದವರಲ್ಲ.

ಈ ಪ್ರಶ್ನೆಯನ್ನು ವಿಚಾರಿಸುವಾಗಲೆಲ್ಲ ನನ್ನ ಮನಸ್ಸಿಗೆ ಬರುವುದು ಬಿ. ವಿ. ಕಕ್ಕಿಲ್ಲಾಯರ ಜೀವನ. 1919ರಲ್ಲಿ ಕಾಸರಗೋಡಿನ ಬೇವಿಂಜೆಯಲ್ಲಿ, ಭೂಮಿಕಾಣಿಯುಳ್ಳ ವೈದಿಕ ಮನೆತನದಲ್ಲಿ ಹುಟ್ಟಿ, ಕಮ್ಯುನಿಸ್ಟ್ ಪಕ್ಷವನ್ನು ಸೇರಿ, ಮಂಗಳೂರಿನ ಹಂಚು, ಬೀಡಿ, ಗೋಡಂಬಿ ಕಾರ್ಖಾನೆಗಳ ಕೂಲಿಕಾರರನ್ನು ಸಂಘಟಿಸಿ, ಸೆರೆವಾಸವನ್ನೂ ಅನುಭವಿಸಿ, 1952ರಲ್ಲಿ ರಾಜ್ಯಸಭೆಯನ್ನೂ, 1972ರಲ್ಲಿ ಬಂಟ್ವಾಳ ಮತ್ತು 1978ರಲ್ಲಿ ವಿಟ್ಲ ಕ್ಷೇತ್ರದಿಂದ ವಿಧಾನಸಭೆಯನ್ನೂ ಪ್ರವೇಶಿಸಿದ ಅವರು, ಈಶ್ವರನನ್ನು ಒಪ್ಪಿದವರಲ್ಲ. ಆದರೂ ಭಾರತೀಯ ಚಿಂತನೆಯನ್ನು ಪರಕೀಯವೆಂದು ಬದಿಗೊತ್ತದೆ ಅದರೊಡನೆ ವಾದಿಸಿದವರು. ‘ಭಾರತೀಯ ಚಿಂತನೆ, ಹಿಂದೂ ಧರ್ಮ, ಕಮ್ಯುನಿಸಂ’ ಎಂಬ ಗ್ರಂಥವನ್ನೇ ಬರೆದವರು.

ದಕ್ಷಿಣ ಕನ್ನಡದ ಚಾಲಗೇಣಿಯ, ಅಂದರೆ ವರ್ಷದಿಂದ ವರ್ಷಕ್ಕೆ ನಡೆಯುವ ಗೇಣಿಯ, ಒಕ್ಕಲು, ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಮುಡಿಗಳನ್ನು ಹೊತ್ತು ಧಣಿಯ ಅಂಗಳದಲ್ಲಿಳಿಸಿ, ಅಳತೆ ಮುಗಿಯುವವರೆಗೆ ದೂರದಲ್ಲಿ ನಿಂತು, ಮುಂದಿನ ವರ್ಷ ಗದ್ದೆ ತನ್ನ ಕೈಯಲ್ಲಿರುವುದೋ ಇಲ್ಲವೋ ಎಂಬ ಶಂಕೆಯೊಡನೆ ಬರಿಗೈಯಲ್ಲಿ ಹಿಂದಿರುಗುತ್ತಿದ್ದ ಕಾಲವೊಂದಿತ್ತು. ದೇವರಾಜ ಅರಸರ ಸರ್ಕಾರದ ಭೂಸುಧಾರಣೆಯು 1974ರ ಮಾರ್ಚ್ 1ರಿಂದ ಗೇಣಿಭೂಮಿಯನ್ನೆಲ್ಲ ಸರ್ಕಾರದಲ್ಲಿ ನಿಹಿತಗೊಳಿಸಿ, ಉತ್ತವನು ಏಳನೆಯ ನಮೂನೆಯ ಅರ್ಜಿಯಿಂದ ನ್ಯಾಯಮಂಡಲಿಯ ಮುಂದೆ ತನ್ನ ಹಕ್ಕನ್ನು ಕೇಳುವಂತೆ ಮಾಡಿತು. ಆ ಶಾಸನವು ರೂಪುಗೊಂಡ ಸಭೆಯಲ್ಲಿ ಕಕ್ಕಿಲ್ಲಾಯರು ನಿಂತುದು ಗೇಣಿದಾರನ ಪಕ್ಷದಲ್ಲಿ, ಅಂದರೆ ತಾವು ಹುಟ್ಟಿದ ವರ್ಗಕ್ಕೆ ಎದುರಾಗಿ. ತನ್ನ ಪಾಲಿನದನ್ನು ಬಿಡುವುದೂ ಅನ್ಯನ ಪಾಲಿನದನ್ನು ಅವನಿಗೆ ಕೊಡಿಸುವುದೂ ಒಂದೇ ಕರ್ಮದ ಎರಡು ಮುಖಗಳಾಗಬಲ್ಲವೆಂದು ನಾನು ಕಂಡುಕೊಂಡದ್ದು ಇಲ್ಲಿ. ನಿಷ್ಕಾಮವು ಉತ್ತಮಪುರುಷದಲ್ಲಿ ಆಡಿದಾಗ ಧರ್ಮ, ಮಧ್ಯಮಪುರುಷದಲ್ಲಿ, ಅದರಲ್ಲಿಯೂ ಕೇಳುವವನ ದುಡಿಮೆಯನ್ನು ಉಣ್ಣುವವನ ಬಾಯಿಂದ ಹೊರಟಾಗ, ಅಪಹಾರ.

ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮನನ್ನು ಇದಕ್ಕೆ ಪ್ರತಿಯಾಗಿ ಹೇಳುವವರುಂಟು: ಗಂಡ ಮಾರಯ್ಯನು ನಿತ್ಯದ ಅಳತೆಗಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಮರಳಿ ಸುರಿದು ಬರುವಂತೆ ಆಕೆ ಹೇಳಲಿಲ್ಲವೆ? ಹೇಳಿದಳು, ನಿಜ. ಆದರೆ ಆ ಅಕ್ಕಿ ಬೇಯಬೇಕಾಗಿದ್ದುದು ಆಕೆಯದೇ ಒಲೆಯ ಮೇಲೆ; ಗಂಡನಿಗೆ ಬೇಡವೆಂದದ್ದು ತನಗೂ ಬೇಡವಾಗಿತ್ತು. ಅದೇ ಮಾತನ್ನು ಅರಸ ಬಿಜ್ಜಳನ ಭಂಡಾರಿಯೊಬ್ಬನು ಮಾರಯ್ಯನಿಗೆ ಹೇಳಿದ್ದರೆ ಅದು ವಚನವಾಗುತ್ತಿರಲಿಲ್ಲ.

ಕಾರ್ಮಿಕನಾಯಕನೂ ಈ ಪರೀಕ್ಷೆಯಿಂದ ಹೊರತಲ್ಲ. ಮುಷ್ಕರವೆಂದರೆ ಇಂದಿನ ಕೂಲಿಯನ್ನು ಬಿಡಿರೆಂದು ಹಸಿದವರನ್ನು ಕೇಳುವುದು; ಸಾವಿರ ಬೀಡಿಗೆ ಇಷ್ಟೆಂದು ಲೆಕ್ಕದ ಕೂಲಿ ಪಡೆಯುವ ಹೆಂಗಸಿಗೆ ಮೊರವನ್ನು ಕೆಳಗಿಡೆಂದು ಹೇಳುವವನು ಅವಳ ಮಕ್ಕಳ ರಾತ್ರಿಯ ಗಂಜಿಯನ್ನು ಪಣವೊಡ್ಡಿದಂತೆಯೇ. ಹಾಗೆ ಕೇಳುವ ಅಧಿಕಾರವು ಸಿದ್ಧಾಂತದ ಸತ್ಯತೆಯಿಂದ ಮಾತ್ರ ಬರಲಾರದೆಂದು ನನ್ನ ನಂಬಿಕೆ. ಕೇಳುವವನು ತಾನೂ ಅವರೊಡನೆ ನಷ್ಟಕ್ಕೊಳಗಾಗಬೇಕು, ಬೇಡವೆನ್ನುವ ಸ್ವಾತಂತ್ರ್ಯವನ್ನು ಅವರಿಗೆ ಬಿಟ್ಟಿರಬೇಕು, ಮತ್ತು ಗೆದ್ದ ದಿನ ಸಿಕ್ಕಿದ ಹೆಚ್ಚಳದಲ್ಲಿ ತನ್ನ ಪಾಲೆಂದು ಏನನ್ನೂ ಎತ್ತಿಕೊಳ್ಳಬಾರದು.