ಆಲಿಸುವುದು ಔದಾರ್ಯವೇ, ರೋಗಿಯ ಹಕ್ಕೇ?

ಲಿಂಗಸುಗೂರಿನಿಂದ ಮಸ್ಕಿಯ ಮೂಲಕ ಸಿಂಧನೂರಿಗೆ ಹೋಗುವ ಬೆಳಗಿನ ಬಸ್ಸುಗಳಲ್ಲಿ ಔಷಧ ಚೀಟಿಗಳ ಚೀಲ ಹಿಡಿದು ಕುಳಿತವರನ್ನು ನೀವು ನೋಡಿರಬಹುದು. ಅವರು ದಿನದ ಕೂಲಿ ಬಿಟ್ಟು ಬಂದವರು. ಗಂಟೆಗಟ್ಟಲೆ ಪಾಳಿ ಕಾದು ವೈದ್ಯರ ಮುಂದೆ ಕುಳಿತರೆ, ಮಾತು ಮುಗಿಯುವ ಮೊದಲೇ ಚೀಟಿ ಸಿದ್ಧವಾಗಿರುತ್ತದೆ. ‘ಏನೂ ಆಗಿಲ್ಲ, ಹೋಗಿ’ ಎನಿಸಿಕೊಂಡು ಹೊರಬಂದವರಿಗೆ ಕಾಯಿಲೆಯ ಜೊತೆಗೆ ಇನ್ನೊಂದು ನೋವೂ ಅಂಟಿಕೊಳ್ಳುತ್ತದೆ. ಹಾಗಾದರೆ ರೋಗಿಯ ಮಾತನ್ನು ಆಲಿಸುವುದು ವೈದ್ಯರ ಔದಾರ್ಯವೇ ಅಥವಾ ರೋಗಿಯ ಹಕ್ಕೇ?

ಉತ್ತರಿಸುವ ಮೊದಲು ವೈದ್ಯರಿಗೂ ನಾವು ನ್ಯಾಯ ಸಲ್ಲಿಸಬೇಕು. ಅವರ ಕೋಣೆಯ ಹೊರಗೆ ಪಾಳಿ ಕರಗುವುದೇ ಇಲ್ಲ. ಹಲವು ದೇಶಗಳ ಲೆಕ್ಕ ತೆಗೆದು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಒಬ್ಬ ರೋಗಿಗೆ ವೈದ್ಯರಿಂದ ಸಿಗುವ ಸರಾಸರಿ ಸಮಯ ಸ್ವೀಡನ್‌ನಲ್ಲಿ 22.5 ನಿಮಿಷ, ಬಾಂಗ್ಲಾದೇಶದಲ್ಲಿ ಕೇವಲ 48 ಸೆಕೆಂಡು. ನಮ್ಮ ಸ್ಥಿತಿ ಸ್ವೀಡನ್‌ಗಿಂತ ಬಾಂಗ್ಲಾದೇಶಕ್ಕೇ ಹತ್ತಿರ.

ಆದರೆ ಆಲಿಸುವುದು ಬರೀ ಸೌಜನ್ಯವಲ್ಲ, ಅದು ಚಿಕಿತ್ಸೆಯ ಮೊದಲ ಭಾಗ. ಇಟಲಿಯ ವೈದ್ಯ ರಾಮಾಝಿನಿ 1700ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ರೋಗಿಯು ಯಾವ ಕೆಲಸ ಮಾಡುತ್ತಾನೆಂದು ವೈದ್ಯನು ಕೇಳಲೇಬೇಕು ಎಂದು ಸಲಹೆಯಿತ್ತಿದ್ದನು. ಈ ಪ್ರಶ್ನೆಯ ಬೆಲೆ ನಮ್ಮ ಭಾಗದವರಿಗೆ ಚೆನ್ನಾಗಿ ಅರ್ಥವಾಗಬೇಕು. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯಿದೆ. ಕಲ್ಲಿನ ಧೂಳು ಕುಡಿದ ಶ್ವಾಸಕೋಶಕ್ಕೆ ಸಿಲಿಕೋಸಿಸ್ ತಗಲಬಹುದು. ಅದರ ಕೆಮ್ಮನ್ನು ಕ್ಷಯದ ಕೆಮ್ಮೆಂದು ತಪ್ಪು ತಿಳಿಯುವುದು ಸುಲಭ. ಸಿಂಧನೂರಿನ ಭತ್ತದ ಗದ್ದೆಯಲ್ಲಿ ಕೀಟನಾಶಕ ಸಿಂಪಡಿಸಿ ಬಂದವನ ವಾಂತಿ, ತಲೆಸುತ್ತುಗಳನ್ನು ಬಿಸಿಲಿನ ಬಾಧೆಯೆಂದು ತಳ್ಳಿಹಾಕುವುದೂ ಸುಲಭ. ಇಲ್ಲಿ ಕೇಳದೆ ಬಿಟ್ಟ ಒಂದು ಪ್ರಶ್ನೆಯ ಬೆಲೆ ಒಂದು ಜೀವವಾಗಬಹುದು.

ಕೆಲಸದ ಒತ್ತಡವಿದ್ದಾಗ ಬಂದವರನ್ನು ಕಡೆಗಣಿಸಬಹುದೇ? ಪವಿತ್ರ ಕುರ್‌ಆನಿನ 80ನೇ ಅಧ್ಯಾಯ ‘ಅಬಸ’ದ ಹಿನ್ನೆಲೆಯನ್ನು ನೆನಪಿಸಿಕೊಳ್ಳಿ. ಪ್ರವಾದಿವರ್ಯರು(ಸ) ಕುರೈಶರ ಮುಖಂಡರಿಗೆ ಸತ್ಯಸಂದೇಶ ತಿಳಿಸುತ್ತಿದ್ದಾಗ ಅಂಧರಾದ ಅಬ್ದುಲ್ಲಾ ಬಿನ್ ಉಮ್ಮಿ ಮಕ್ತೂಮ್(ರ) ಬಂದು ಕಲಿಸಿಕೊಡುವಂತೆ ಕೇಳಿದರು. ಪ್ರವಾದಿವರ್ಯರ(ಸ) ಮುಖದಲ್ಲಿ ಅಸಮಾಧಾನ ತೋರಿತು. ಆ ಬಗ್ಗೆ ಅಲ್ಲಾಹನ ಎಚ್ಚರಿಕೆ ಬಂದಿತು. ಯೋಚಿಸಿ ನೋಡಿ: ಕೈಯಲ್ಲಿದ್ದ ಕೆಲಸ ಅತ್ಯಂತ ಶ್ರೇಷ್ಠವಾದುದು. ಬಂದವರಿಗೆ ಎದುರಿನ ಮುಖ ಕಾಣಿಸುತ್ತಲೂ ಇರಲಿಲ್ಲ. ಆದರೂ ಅವರ ಹಕ್ಕು ಒಂದಿಷ್ಟೂ ಕಡಿಮೆಯಾಗಲಿಲ್ಲ. ‘ಹಳ್ಳಿಯವನಿಗೆ ಹೇಳಿದರೂ ತಿಳಿಯುವುದಿಲ್ಲ’ ಎಂಬ ನೆಪಕ್ಕೆ ಇಲ್ಲಿ ಸ್ಥಳವೆಲ್ಲಿದೆ?

ನಾಡಿನ ಕಾನೂನು ವ್ಯವಸ್ಥೆಯೂ ಇದೇ ದಾರಿಯಲ್ಲಿದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನದಿನಲ್ಲಿ, ತನ್ನ ಕಾಯಿಲೆಯ ಬಗ್ಗೆ ತಿಳಿಯುವ, ದಾಖಲೆಗಳನ್ನು ಪಡೆಯುವ ಮತ್ತು ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವ ಹಕ್ಕುಗಳು ಸೇರಿವೆ.

ಆದರೆ ಓದುಗರೇ, ವೈದ್ಯರತ್ತ ಬೆರಳು ತೋರಿಸುವ ಮುನ್ನ ನಮ್ಮ ಮನೆಯೊಳಗೊಮ್ಮೆ ನೋಡೋಣ. ಸೊಂಟ ನೋವೆಂದ ಸೊಸೆಗೆ ‘ಎಲ್ಲರಿಗೂ ಇರುವುದೇ’ ಎಂದು ಮೊದಲು ಹೇಳಿದವರು ಯಾರು? ವೈದ್ಯರು ಹೆಂಡತಿಯನ್ನು ಕೇಳಿದ ಪ್ರಶ್ನೆಗೆ ಗಂಡನೇ ಉತ್ತರಿಸುತ್ತಾನೆ. ಅವಳ ನೋವು ಎಲ್ಲಿ, ಎಷ್ಟು ದಿನದಿಂದ ಎಂಬುದು ಅವನಿಗೆ ಸರಿಯಾಗಿ ಗೊತ್ತಿರುವುದೇ ಇಲ್ಲ. ಬಾಯಿದ್ದೂ ಮೂಕಳಾದವಳ ರೋಗವನ್ನು ಯಾವ ವೈದ್ಯನು ತಾನೇ ಕಂಡುಹಿಡಿದಾನು? ಆಸ್ಪತ್ರೆಯಲ್ಲಿ ನಾವು ಕೇಳುವ ಹಕ್ಕನ್ನು ಮನೆಯಲ್ಲಿ ನಾವೇ ಕಸಿಯುವುದು ಯಾವ ನ್ಯಾಯ?

ಆದುದರಿಂದ ಮುಂದಿನ ಸಲ ಹೋಗುವಾಗ ಹಳೆಯ ಚೀಟಿಗಳನ್ನು ಜೋಡಿಸಿಕೊಳ್ಳಿ. ಎಲ್ಲಕ್ಕಿಂತ ದೊಡ್ಡ ತೊಂದರೆಯನ್ನು ಮೊದಲು ಹೇಳಿ, ನಿಮ್ಮ ಕೆಲಸವನ್ನೂ ತಿಳಿಸಿ. ಕಾಯಿಲೆ ಏನು, ಔಷಧ ಎಷ್ಟು ದಿನ, ಯಾವ ಲಕ್ಷಣ ಕಂಡರೆ ಕೂಡಲೇ ಮರಳಿ ಬರಬೇಕು ಎಂದು ವಿನಯದಿಂದ, ಆದರೆ ಅಳುಕದೆ ಕೇಳಿ. ಮನೆಯ ಹೆಣ್ಣುಮಕ್ಕಳು ಜೊತೆಗಿದ್ದರೆ ಅವರ ಮಾತನ್ನು ಅವರೇ ಆಡಲಿ. ಈ ಸಾಲುಗಳನ್ನು ಓದುತ್ತಿರುವವರಲ್ಲಿ ವೈದ್ಯರಿದ್ದರೆ ಅವರಲ್ಲಿ ಒಂದೇ ವಿನಂತಿ: ರೋಗಿ ಮಾತು ಮುಗಿಸುವವರೆಗೆ ಲೇಖನಿ ಮೇಜಿನ ಮೇಲಿರಲಿ. ಆ ಒಂದು ನಿಮಿಷ ನೀವು ಕೊಡುವ ದಾನವಲ್ಲ. ನಿಮ್ಮ ಬಳಿಯಿರುವ ಅವನ ಅಮಾನತ್ತು.