ಹಿಟ್ಟಿನ ಕೋಳಿ ಮತ್ತು ಕಬ್ಬಿಣದ ಕಾಳಗ

ಪಾಲಿಕಾರ್ಬನೇಟ್ ಗೋಡೆಯ ಅಖಾಡದಲ್ಲಿ ಎರಡು ಯಂತ್ರಗಳು ಎದುರಾಗುತ್ತವೆ. ಒಂದರ ಮುಂದೆ ಗಿರಗಿರನೆ ಸುತ್ತುವ ಉಕ್ಕಿನ ಪಟ್ಟಿ. ಇನ್ನೊಂದಕ್ಕೆ ಎದುರಾಳಿಯನ್ನು ಎತ್ತಿ ಮಗುಚಿಹಾಕುವ ತೋಳು. ಸಾಮಾನ್ಯವಾಗಿ ಮೂರು ನಿಮಿಷದ ಪಂದ್ಯ. ಅಷ್ಟರಲ್ಲಿ ಚಕ್ರ ಕಳಚುತ್ತದೆ, ಕವಚ ಹರಿಯುತ್ತದೆ, ಕೆಲವೊಮ್ಮೆ ಬ್ಯಾಟರಿ ಹೊತ್ತಿಕೊಂಡು ಹೊಗೆ ತುಂಬುತ್ತದೆ. ತಿಂಗಳುಗಟ್ಟಲೆ ಮನೆಯಲ್ಲಿ ಕೂತು ಅವನ್ನು ಕಟ್ಟಿದವರೇ ಗೋಡೆಯಾಚೆ ರಿಮೋಟ್ ಹಿಡಿದು ನಿಂತಿರುತ್ತಾರೆ. 1994ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಫೋರ್ಟ್ ಮೇಸನ್‌ನಲ್ಲಿ ಮಾರ್ಕ್ ಥಾರ್ಪ್ ನಡೆಸಿದ ‘ರೋಬಾಟ್ ವಾರ್ಸ್’ ಈ ಆಟಕ್ಕೆ ಹೆಸರು ತಂದಿತು. 1998ರಿಂದ ಬಿಬಿಸಿ ಅದನ್ನು ಬ್ರಿಟನ್ನಿನ ಮನೆಮನೆಗೆ ಮುಟ್ಟಿಸಿತು. ನಮ್ಮಲ್ಲಿ ಐಐಟಿ ಬಾಂಬೆಯ ಟೆಕ್‌ಫೆಸ್ಟ್‌ನಿಂದ ಹಿಡಿದು ಎಂಜಿನಿಯರಿಂಗ್ ಕಾಲೇಜುಗಳ ಉತ್ಸವಗಳವರೆಗೆ ‘ರೋಬೋವಾರ್’ ಎಂದರೆ ವಿದ್ಯಾರ್ಥಿಗಳು ಮುಗಿಬೀಳುತ್ತಾರೆ. ಹೀಗೆ ಇನ್ನೊಬ್ಬರ ಯಂತ್ರವನ್ನು ಒಡೆಯಲೆಂದೇ ಯಂತ್ರ ಕಟ್ಟುವುದು, ಒಡೆದಾಗ ಕೇಕೆ ಹಾಕುವುದು ಹಿಂಸೆಯೇ? ಜೀವವಿಲ್ಲದ್ದನ್ನು ಹೊಡೆದರೆ ಹಿಂಸೆ ಎಲ್ಲಿಂದ ಬಂತು ಎಂಬ ಉತ್ತರ ನಾಲಗೆಯ ತುದಿಯಲ್ಲೇ ಇರುತ್ತದೆ. ಆದರೆ ಕನ್ನಡ ಓದುಗರು ಆ ಉತ್ತರದಲ್ಲಿ ನೆಮ್ಮದಿಯಿಂದ ನಿಲ್ಲುವಂತಿಲ್ಲ. ಎಂಟುನೂರು ವರ್ಷಗಳ ಹಿಂದೆಯೇ ನಮ್ಮ ಕವಿಯೊಬ್ಬ ಅದನ್ನು ತಳ್ಳಿಹಾಕಿದ್ದಾನೆ.

ಜನ್ನನ ‘ಯಶೋಧರ ಚರಿತೆ’ಯ ಕಾಲ 1209. ಅದರ ಕಥೆ ನಮಗೆ ಗೊತ್ತಿರುವುದೇ. ಹೆಂಡತಿ ಅಮೃತಮತಿ ಮಾವುತನಿಗೆ ಒಲಿದದ್ದನ್ನು ಕಣ್ಣಾರೆ ಕಂಡ ಯಶೋಧರ ಎತ್ತಿದ ಕತ್ತಿಯನ್ನು ತಡೆದುಕೊಳ್ಳುತ್ತಾನೆ. ತಾಯಿ ಚಂದ್ರಮತಿಗೆ ಕೆಟ್ಟ ಕನಸು ಬಿತ್ತೆಂದು ಹೇಳುತ್ತಾನೆ. ದೇವಿಗೆ ಪ್ರಾಣಿಬಲಿ ಕೊಡಬೇಕೆಂದು ಆಕೆ ಹಟ ಹಿಡಿದಾಗ ಮಗ ಒಪ್ಪುವುದಿಲ್ಲ. ಕೊನೆಗೆ ಇಬ್ಬರೂ ಒಂದು ರಾಜಿಗೆ ಬರುತ್ತಾರೆ: ಹಿಟ್ಟಿನಲ್ಲಿ ಕೋಳಿ ಮಾಡಿ ಅದನ್ನು ಕಡಿಯುವುದು. ಒಂದು ಹನಿ ರಕ್ತವೂ ಚೆಲ್ಲಲಿಲ್ಲ. ಆದರೂ ಆ ಒಂದು ಏಟಿಗಾಗಿ ತಾಯಿ ಮಗ ಇಬ್ಬರೂ ನವಿಲು, ನಾಯಿ ಮೊದಲಾಗಿ ಜನ್ಮಜನ್ಮಾಂತರ ಪ್ರಾಣಿಯೋನಿಗಳಲ್ಲಿ ತೊಳಲಬೇಕಾಯಿತು. ಇದೇ ಕಥೆಯನ್ನು ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ ನಾಟಕದಲ್ಲಿ ನಮ್ಮ ಕಾಲಕ್ಕೆ ತಂದರು. ಕಬ್ಬಿಣ, ತಂತಿ, ಪ್ಲಾಸ್ಟಿಕ್ಕಿನ ರೋಬಾಟಿಗೆ ಜೀವವಿಲ್ಲ ಎನ್ನುವವರು ಮೊದಲು ಈ ಹಿಟ್ಟಿನ ಕೋಳಿಗೆ ಉತ್ತರ ಹೇಳಬೇಕು. ಅದಕ್ಕೂ ಜೀವವಿರಲಿಲ್ಲ.

ಈ ಕಥೆಯ ಹಿಂದಿರುವ ಜೈನ ವಿಚಾರ ಬಹಳ ನಿಷ್ಠುರವಾದದ್ದು. ಉಮಾಸ್ವಾಮಿಯ ‘ತತ್ತ್ವಾರ್ಥಸೂತ್ರ’ ಹಿಂಸೆಯನ್ನು ಹೇಳುವಾಗ ಪ್ರಾಣಹಾನಿಯೊಂದನ್ನೇ ಹೇಳಿ ಸುಮ್ಮನಾಗುವುದಿಲ್ಲ. ಆ ಹಾನಿ ಪ್ರಮಾದದಿಂದ, ಎಂದರೆ ಕ್ರೋಧ, ಮಾನ, ಮಾಯೆ, ಲೋಭಗಳಿಗೆ ಒಳಗಾದ ಎಚ್ಚರಗೇಡಿ ಮನಸ್ಸಿನಿಂದ, ಆಗಿರಬೇಕೆನ್ನುತ್ತದೆ. ಅಮೃತಚಂದ್ರ ‘ಪುರುಷಾರ್ಥ ಸಿದ್ಧ್ಯುಪಾಯ’ದಲ್ಲಿ ಇದನ್ನು ಕೊನೆಯವರೆಗೂ ಎಳೆದು ನೋಡುತ್ತಾನೆ. ನೆಲ ನೋಡಿಕೊಂಡು ನಡೆಯುವ ಮುನಿಯ ಕಾಲಡಿ ಹುಳುವೊಂದು ಸತ್ತರೂ ಅದು ಹಿಂಸೆಯಾಗದು. ರಾಗದ್ವೇಷಗಳಲ್ಲಿ ಮುಳುಗಿದವನಿಂದ ಯಾವ ಜೀವಿಯೂ ಸಾಯದಿದ್ದರೂ ಹಿಂಸೆ ಆಗಿಯೇ ಹೋಗಿರುತ್ತದೆ, ಏಕೆಂದರೆ ಅವನು ಮೊದಲು ಕೊಂದದ್ದು ತನ್ನನ್ನೇ. ಈ ಅಳತೆಗೋಲನ್ನು ಒಪ್ಪಿದರೆ ರೋಬಾಟಿಗೆ ನೋವಾಗುತ್ತದೆಯೇ ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ. ಕಟ್ಟಿದವರ, ನಡೆಸುವವರ, ನೋಡುವವರ ಮನಸ್ಸಿನಲ್ಲಿ ಏನು ನಡೆಯುತ್ತಿದೆ ಎಂಬುದು ಮುಂದೆ ಬರುತ್ತದೆ. ಈ ಅಳತೆಯಿಂದ ಕಾಳಗದ ರೋಬಾಟನ್ನು ಅಳೆದರೆ ಅಖಾಡದೊಳಗಿನ ಒಡೆತ ಹಿಂಸೆಯಲ್ಲ, ಅಖಾಡದ ಹೊರಗಿನ ಅಜಾಗರೂಕತೆ ಹಿಂಸೆ ಎಂಬ ತೀರ್ಮಾನಕ್ಕೆ ಬರಬೇಕಾಗುತ್ತದೆ ಎಂಬುದೇ ನನ್ನ ವಾದ.

ಮೊದಲು ಹಿಟ್ಟಿನ ಕೋಳಿಗೂ ಕಬ್ಬಿಣದ ಯಂತ್ರಕ್ಕೂ ಇರುವ ವ್ಯತ್ಯಾಸ. ಯಶೋಧರ ಕಡಿದದ್ದು ಕೋಳಿಯ ಬದಲಿಯನ್ನು. ಕೊಲ್ಲುವ ಸಂಕಲ್ಪ ಪೂರ್ತಿ ಇತ್ತು, ಕೊಲೆಗೆ ಗುರಿಯಾದ ಜೀವವೊಂದೇ ಇರಲಿಲ್ಲ. ಆ ಕೋಳಿ ಬದುಕಲಿ, ಮತ್ತೆ ಎದ್ದು ನಿಲ್ಲಲಿ ಎಂದು ಅಲ್ಲಿದ್ದ ಯಾರೂ ಬಯಸುವಂತಿರಲಿಲ್ಲ. ಬಯಸಿದ್ದರೆ ಬಲಿಗೆ ಅರ್ಥವೇ ಇರುತ್ತಿರಲಿಲ್ಲ. ಕಾಳಗದ ರೋಬಾಟು ಯಾವ ಪ್ರಾಣಿಗೂ, ಯಾವ ಶತ್ರುವಿಗೂ ಬದಲಿಯಲ್ಲ. ಅದು ತಾನೇ ತಾನು: ಒಂದು ಮೋಟಾರು, ಒಂದು ಬೆಲ್ಟು, ಒಂದು ಕವಚ, ಇವನ್ನೆಲ್ಲ ಹೀಗೆ ಜೋಡಿಸಿದರೆ ತಾಳುತ್ತದೆ ಎಂಬ ಒಬ್ಬರ ಊಹೆ. ಎದುರಾಳಿಯ ಯಂತ್ರ ಆ ಊಹೆಯನ್ನು ಪರೀಕ್ಷೆಗೆ ಒಡ್ಡುತ್ತದೆ. ಇದು ಬರೀ ಹೊಗಳಿಕೆಯ ಮಾತಲ್ಲ ಎನ್ನುವುದಕ್ಕೆ ಈ ಆಟದ ನಡವಳಿಕೆಯೇ ಸಾಕ್ಷಿ. ಸೋಲುವವರು ಪಂದ್ಯದ ನಡುವೆಯೇ ಸೋಲೊಪ್ಪಿ ಯಂತ್ರವನ್ನು ಉಳಿಸಿಕೊಳ್ಳಬಹುದು. ಕದಲದೆ ನಿಂತ ಯಂತ್ರಕ್ಕೆ ಹತ್ತು ಎಣಿಸಿದರೆ ಪಂದ್ಯ ಮುಗಿಯಿತು, ಆಮೇಲೆ ಹೊಡೆಯುವಂತಿಲ್ಲ. ಪಿಟ್ಟಿನಲ್ಲಿ, ಎಂದರೆ ತಂಡಗಳು ರಿಪೇರಿಗೆ ಕೂರುವ ಜಾಗದಲ್ಲಿ, ಮುಂದಿನ ಸುತ್ತಿಗೆ ತಮ್ಮೆದುರೇ ನಿಲ್ಲಬೇಕಾದ ತಂಡಕ್ಕೆ ಚಕ್ರ, ಬ್ಯಾಟರಿ, ಸ್ಪೀಡ್ ಕಂಟ್ರೋಲರ್ ಕೊಡುವುದು ಈ ಆಟದವರಲ್ಲಿ ಬಹಳ ಹಿಂದಿನಿಂದ ಬೆಳೆದುಬಂದ ಪದ್ಧತಿ. ಎದುರಾಳಿ ಮತ್ತೆ ಎದ್ದು ನಿಲ್ಲಲಿ ಎಂದು ಹಾರೈಸುವವರ ಸಂಕಲ್ಪವನ್ನು ಚಂದ್ರಮತಿಯ ಸಂಕಲ್ಪದ ಜೊತೆ ಒಂದೇ ಸಾಲಿನಲ್ಲಿ ಇಡಲಾಗದು.

ತೀರ್ಪುಗಾರರು ಎದುರಾಳಿಗೆ ಮಾಡಿದ ಹಾನಿಗೂ ಅಂಕ ಕೊಡುತ್ತಾರೆ, ಹಾಗಾದರೆ ಹಾನಿಯೇ ಗುರಿಯಲ್ಲವೇ ಎಂದು ಕೇಳಬಹುದು. ಮಾತು ನಿಜ. ಆಕ್ರಮಣ, ಹತೋಟಿಗಳ ಜೊತೆಗೆ ಹಾನಿಯೂ ಲೆಕ್ಕಕ್ಕೆ ಬರುತ್ತದೆ. ಹಲವು ಸ್ಪರ್ಧೆಗಳಲ್ಲಿ ಹೆಚ್ಚಿನ ತೂಕ ಅದಕ್ಕೇ. ಆದರೆ ಇಲ್ಲಿ ಒಡೆತಕ್ಕೆ ಇಬ್ಬರೂ ಮೊದಲೇ ಒಪ್ಪಿದ್ದಾರೆ, ಇಬ್ಬರೂ ತಮ್ಮ ತಮ್ಮ ದುಡಿಮೆಯನ್ನೇ ಪಣಕ್ಕಿಟ್ಟಿದ್ದಾರೆ, ಇದರಲ್ಲಿ ನೋಯುವ ಮೂರನೆಯ ಜೀವವಿಲ್ಲ. ಕರಾವಳಿಯ ಕೋಳಿ ಅಂಕವನ್ನು ಪಕ್ಕದಲ್ಲಿಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಅಲ್ಲಿ ಕಾಲಿಗೆ ಬಾಳು ಎಂಬ ಕಿರುಗತ್ತಿ ಕಟ್ಟಿಸಿಕೊಂಡ ಹುಂಜದ ಒಪ್ಪಿಗೆಯನ್ನು ಯಾರೂ ಕೇಳಿಲ್ಲ. ಪಣ ಒಬ್ಬರದು, ರಕ್ತ ಇನ್ನೊಂದರದು. ರೋಬಾಟಿನ ಪಂದ್ಯದಲ್ಲಿ ನಷ್ಟ ಕಟ್ಟಿದವರಿಗೇ. ಬೇರೊಬ್ಬರ ಮೈಮೇಲೆ ತನ್ನ ಗೆಲುವನ್ನು ಬರೆಯದ ಕಾಳಗಕ್ಕೆ ನೀತಿಯ ಕಣ್ಣಿನಲ್ಲಿ ಬೇರೆಯದೇ ಸ್ಥಾನವಿದೆ.

ಇನ್ನು ಪ್ರಮಾದದ ಮಾತು. ಈ ಆಟದ ಪುಸ್ತಕದಲ್ಲಿ ಗೆಲ್ಲುವ ನಿಯಮಗಳಿಗಿಂತ ಎಚ್ಚರದ ನಿಯಮಗಳೇ ಹೆಚ್ಚು. ಅಖಾಡದ ಹೊರಗೆ ಆಯುಧಕ್ಕೆ ಅಡ್ಡಗಂಬಿ ಹಾಕಿ ಬಿಗಿದಿರಬೇಕು. ವಿದ್ಯುತ್ತನ್ನು ಒಮ್ಮೆಲೇ ಕತ್ತರಿಸುವ ಲಿಂಕ್ ಕೈಗೆ ಸಿಗುವಂತಿರಬೇಕು. ರಿಮೋಟಿನ ಸಂಕೇತ ತಪ್ಪಿದರೆ ಯಂತ್ರ ತಾನಾಗಿ ನಿಲ್ಲಬೇಕು. ಬಾಗಿಲು ಮುಚ್ಚುವ ಮುನ್ನ ಮೋಟಾರು ಚಾಲೂ ಆಗಕೂಡದು. ಈ ನಿಯಮಗಳ ಹಿಂದೆ ಅನುಭವವಿದೆ. 1990ರ ದಶಕದ ನಡುವಿನಲ್ಲಿ ಜೇಮಿ ಹೈನ್‌ಮನ್ ಕಟ್ಟಿದ ‘ಬ್ಲೆಂಡೊ’ ಎಂಬ ಸುತ್ತುವ ಗುಮ್ಮಟದಂಥ ಯಂತ್ರ ಎದುರಾಳಿಗಳ ಚೂರುಗಳನ್ನು ತಡೆಗೋಡೆಯಾಚೆ ಹಾರಿಸಿತು. ಸಂಘಟಕರು ಅದನ್ನು ಮುಂದೆ ಆಡಲು ಬಿಡದೆ ಜಂಟಿ ವಿಜೇತನೆಂದು ಗೌರವಿಸಿ ಕಳಿಸಿದರು. ಗೆಲ್ಲುವ ಶಕ್ತಿ ಇದ್ದರೂ ನೋಡುವವರಿಗೆ ಅಪಾಯವಾದರೆ ಆಟ ನಿಲ್ಲಬೇಕು ಎಂಬ ತತ್ತ್ವ ಅಂದೇ ಬೇರೂರಿತು. ಸುತ್ತುವ ಆಯುಧದ ವೇಗ ಎರಡು ಪಟ್ಟಾದರೆ ಅದರಲ್ಲಿ ಕೂಡಿಟ್ಟ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಅಮೆರಿಕದ ‘ಬ್ಯಾಟಲ್‌ಬಾಟ್ಸ್’ ಸ್ಪರ್ಧೆಯಲ್ಲಿ ಯಂತ್ರ 250 ಪೌಂಡ್, ಅಂದರೆ ಸುಮಾರು 113 ಕಿಲೊ ತೂಗಬಹುದು. ಅಂಥದರ ಆಯುಧದ ತುದಿ ಗಂಟೆಗೆ 250 ಮೈಲಿ ಮೀರಬಾರದೆಂದು ಮಿತಿ ಹಾಕಿದ್ದು ಇದಕ್ಕೇ. ನೆಲ ನೋಡಿ ನಡೆಯುವ ಮುನಿಯ ಎಚ್ಚರಕ್ಕೆ ಯಂತ್ರಯುಗದಲ್ಲಿ ಒಂದು ರೂಪ ಕೊಡಬೇಕೆಂದರೆ ಆ ಅಡ್ಡಗಂಬಿ, ಆ ಲಿಂಕ್ ಸಾಕು.

ಈ ಯಂತ್ರಗಳನ್ನು ಮನೆಯಲ್ಲಿ ಕಟ್ಟುತ್ತಾರೆ ಎಂಬುದರ ಭಾರ ಈಗ ತಿಳಿಯುತ್ತದೆ. ಅಖಾಡದಲ್ಲಿ ಗೋಡೆಯಿದೆ, ತೀರ್ಪುಗಾರರಿದ್ದಾರೆ, ಯಂತ್ರವನ್ನು ಮೊದಲೇ ತಪಾಸಣೆ ಮಾಡುವವರಿದ್ದಾರೆ. ಮನೆಯ ಕೋಣೆಯಲ್ಲಿ, ಹಾಸ್ಟೆಲಿನ ಮೂಲೆಯಲ್ಲಿ, ಮಹಡಿಯ ಮೇಲೆ ಇವರಾರೂ ಇಲ್ಲ. ಊದಿಕೊಂಡ ಲಿಥಿಯಂ ಪಾಲಿಮರ್ ಬ್ಯಾಟರಿಯನ್ನು ಚಾರ್ಜಿಗೆ ಹಾಕಿ ಮಲಗುವುದು, ಕನ್ನಡಕವಿಲ್ಲದೆ ಗ್ರೈಂಡರ್ ಹಿಡಿಯುವುದು, ತಮ್ಮ ತಂಗಿಯರು ಓಡಾಡುವ ಕಡೆ ಒಂದು ಸಲ ತಿರುಗಿಸಿ ನೋಡೋಣ ಎಂದು ಆಯುಧಕ್ಕೆ ಕರೆಂಟು ಕೊಡುವುದು: ಇವುಗಳಲ್ಲಿ ಒಂದು ಕೂದಲೂ ಕೊಂಕದಿದ್ದರೂ ಅಮೃತಚಂದ್ರನ ಕಣ್ಣಿಗೆ ಇವು ಹಿಂಸೆಯೇ. ಅಖಾಡದಲ್ಲಿ ಎದುರಾಳಿಯ ಯಂತ್ರವನ್ನು ಎರಡು ತುಂಡು ಮಾಡಿದರೂ ಮೈಯೆಲ್ಲ ಕಣ್ಣಾಗಿದ್ದವರು ಹಿಂಸಕರಲ್ಲ. ಏನನ್ನೂ ಒಡೆಯದೆ ಅಡ್ಡಗಂಬಿಯನ್ನು ಉದಾಸೀನದಿಂದ ತೆಗೆದಿಟ್ಟವರು ಹಿಂಸಕರು. ನಮ್ಮ ಸಾಮಾನ್ಯ ಎಣಿಕೆಗೆ ಇದು ತಿರುಗುಮುರುಗು ಎನಿಸಬಹುದು. ಸರಿಯಾದ ಎಣಿಕೆ ಇದೇ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದು ಪಶ್ಚಿಮದಿಂದ ಬರುತ್ತದೆ. ಪ್ರಾಣಿಗಳ ಮೇಲೆ ಕ್ರೌರ್ಯ ತೋರುವವರ ಮನಸ್ಸು ಮನುಷ್ಯರ ವಿಷಯದಲ್ಲೂ ಕಲ್ಲಾಗುತ್ತದೆ ಎಂದು ಕಾಂಟ್ ವಾದಿಸಿದ್ದ. ಇಂದಿನ ಚಿಂತಕರು ಆ ವಾದವನ್ನು ರೋಬಾಟುಗಳಿಗೂ ಚಾಚಿದ್ದಾರೆ. 2013ರಲ್ಲಿ ಜಿನೀವಾದಲ್ಲಿ ಅವರಲ್ಲೊಬ್ಬರಾದ ಕೇಟ್ ಡಾರ್ಲಿಂಗ್ ಮತ್ತು ಸಂಗಡಿಗರು ‘ಪ್ಲಿಯೊ’ ಎಂಬ ಪುಟ್ಟ ಡೈನೊಸಾರ್ ರೋಬಾಟುಗಳನ್ನು ಜನರ ಕೈಗೆ ಕೊಟ್ಟು, ಆಡಿಸಲು ಬಿಟ್ಟು, ಬಳಿಕ ಅವನ್ನು ಒಡೆದುಹಾಕಲು ಹೇಳಿದರು. ಯಾರೂ ಮುಂದೆ ಬರಲಿಲ್ಲ. ಒಂದನ್ನಾದರೂ ಒಡೆಯದಿದ್ದರೆ ಎಲ್ಲವನ್ನೂ ಒಡೆಯುತ್ತೇವೆ ಎಂದ ಮೇಲಷ್ಟೇ ಒಬ್ಬರು ಕೊಡಲಿ ಎತ್ತಿದರು. ಜೀವವಿಲ್ಲವೆಂದು ಬುದ್ಧಿಗೆ ಗೊತ್ತಿದ್ದರೂ ಕರುಣೆ ತಡೆಯಿತು. ಆ ಕರುಣೆಯನ್ನು ಹತ್ತಿಕ್ಕುವ ಅಭ್ಯಾಸ ಒಳ್ಳೆಯದಲ್ಲ ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಅದು ತಾಗುವುದು ಕಣ್ಣು ಬಿಡುವ, ನರಳುವ, ಮರಿಯಂತೆ ಮುದುರಿಕೊಳ್ಳುವ ಯಂತ್ರಗಳಿಗೆ. ಇಳಿಜಾರು ತಗಡು, ನಾಲ್ಕು ಚಕ್ರ, ಸುತ್ತುವ ಪಟ್ಟಿ ಇಷ್ಟೇ ಆದ ಯಂತ್ರ ನಮ್ಮ ಕರುಣೆಯನ್ನು ಕರೆಯುವುದೂ ಇಲ್ಲ, ಅಣಕಿಸುವುದೂ ಇಲ್ಲ. ಹಾಗಾಗಿ ಈ ಆಕ್ಷೇಪದಿಂದ ಹೊರಡುವುದು ನಿಷೇಧವಲ್ಲ, ಒಂದು ಮಿತಿ: ಒಡೆಯಲಿರುವ ಯಂತ್ರಕ್ಕೆ ಜೀವಿಯ ಮುಖ ಕೊಡಬಾರದು, ನೋವಿನ ಕೂಗು ತುಂಬಬಾರದು. ಹಿಟ್ಟನ್ನು ಕೋಳಿಯ ಆಕಾರಕ್ಕೆ ತಂದಾಗಲೇ ಅದು ಬಲಿಯಾದದ್ದು.

ಎರಡನೆಯ ಆಕ್ಷೇಪ ಜೈನ ಶ್ರಾವಕಾಚಾರದಿಂದಲೇ ಬರುತ್ತದೆ. ಗೃಹಸ್ಥರು ಅನರ್ಥದಂಡವನ್ನು ಬಿಡಬೇಕು. ಪ್ರಯೋಜನವಿಲ್ಲದ ಹಾನಿ, ಹಿಂಸೆಯ ಸಾಧನಗಳನ್ನು ಒದಗಿಸುವುದು, ಕೆಟ್ಟದ್ದನ್ನು ಚಿಂತಿಸುತ್ತ ಕೂರುವುದು ಎಲ್ಲವೂ ಇದರಲ್ಲಿ ಸೇರುತ್ತವೆ. ದುಬಾರಿ ಲೋಹ, ಬ್ಯಾಟರಿ, ಮೋಟಾರುಗಳನ್ನು ಕೆಲವೇ ನಿಮಿಷದಲ್ಲಿ ಗುಜರಿಗೆ ಹಾಕುವುದು, ನಾಳೆ ಯುದ್ಧಯಂತ್ರಕ್ಕೆ ಬಳಕೆಯಾಗಬಹುದಾದ ಕೈಚಳಕ ಕಲಿಸುವುದು ಇದೇ ಅಲ್ಲವೇ? ಪ್ರಯೋಜನದ ವಿಷಯಕ್ಕೆ ಉತ್ತರವಿದೆ: ಯಾವ ಬೆಸುಗೆ ಎಲ್ಲಿ ಬಿಡುತ್ತದೆ, ಯಾವ ಉಕ್ಕು ಬಾಗುತ್ತದೆ, ಯಾವುದು ಸೀಳುತ್ತದೆ ಎಂಬುದನ್ನು ಇಷ್ಟು ಬೇಗ, ಇಷ್ಟು ನಿರ್ದಾಕ್ಷಿಣ್ಯವಾಗಿ ಕಲಿಸುವ ತರಗತಿ ಇನ್ನೊಂದಿಲ್ಲ, ಮತ್ತು ಅದೇ ಜ್ಞಾನ ಪಂಪಿಗೂ ಗಾಲಿಕುರ್ಚಿಗೂ ಬೇಕು. ಯುದ್ಧದ ವಿಷಯದಲ್ಲಿ ಆಕ್ಷೇಪ ಅರ್ಧ ನಿಲ್ಲುತ್ತದೆ. ಈ ಆಟದ ಯಂತ್ರಗಳನ್ನು ಬಹುಮಟ್ಟಿಗೆ ಮನುಷ್ಯರೇ ರಿಮೋಟಿನಿಂದ ನಡೆಸುತ್ತಾರೆ. ಪ್ರತಿ ಏಟಿನ ಹೊಣೆ ಹೊರಲು ಎದುರಿಗೇ ಒಬ್ಬರು ನಿಂತಿರುತ್ತಾರೆ. ಆ ಹೊಣೆಗಾರಿಕೆಯೇ ಈ ಆಟದ ನೈತಿಕ ಬೆನ್ನೆಲುಬು. ತಾನೇ ಗುರಿ ಹುಡುಕಿ ಮನುಷ್ಯರನ್ನು ಕೊಲ್ಲುವ ಯಂತ್ರ ಇದರ ಮುಂದಿನ ಮೆಟ್ಟಿಲೆಂದು ಯಾರಾದರೂ ಹೇಳಿದರೆ, ಅಲ್ಲವೆಂದು ಮೊದಲು ಹೇಳಬೇಕಾದವರು ಈ ರೋಬಾಟು ಕಟ್ಟುವವರೇ.

ಆಯುಧಪೂಜೆಯ ದಿನ ಲೇತ್ ಯಂತ್ರಕ್ಕೂ ಸ್ಪ್ಯಾನರಿಗೂ ಕುಂಕುಮ ಇಡುವ ನಾವು ಯಂತ್ರವನ್ನು ಒಡೆದು ಸಂಭ್ರಮಿಸುವುದು ಅಪಚಾರ ಎನ್ನುವವರೂ ಇದ್ದಾರೆ. ಆದರೆ ಶ್ರದ್ಧೆಯಿಂದ ಮಾಡಿದ್ದನ್ನು ಶ್ರದ್ಧೆಯಿಂದಲೇ ಬಿಟ್ಟುಕೊಡುವುದು ನಮ್ಮ ಧರ್ಮಕ್ಕೆ ಹೊಸದಲ್ಲ. ಮಣ್ಣಿನ ಗಣಪತಿಯನ್ನು ಪೂಜಿಸಿದ ಕೈಗಳೇ ನೀರಿಗೆ ಬಿಡುತ್ತವೆ. ತಿಂಗಳ ದುಡಿಮೆ ಒಂದೇ ಏಟಿಗೆ ಹೋಗಬಹುದೆಂದು ತಿಳಿದೂ ಯಂತ್ರವನ್ನು ಒಳಗೆ ಬಿಡುವುದು, ಹೋದಾಗ ಒಡೆದವರ ಕೈ ಕುಲುಕುವುದು ಅಪರಿಗ್ರಹದ ಒಳ್ಳೆಯ ಪಾಠವೇ. ಆ ಪಾಠ ಕೆಡುವುದು ಮಾನ, ಕ್ರೋಧಗಳು ಒಳಹೊಕ್ಕಾಗ. ನೋಡುವವರಿಗೂ ಇದರಲ್ಲಿ ಪಾಲಿದೆ, ಏಕೆಂದರೆ ಮಾಡುವುದು, ಮಾಡಿಸುವುದು, ಅನುಮೋದಿಸುವುದು ಮೂರನ್ನೂ ಜೈನರು ಒಟ್ಟಿಗೆ ಎಣಿಸುತ್ತಾರೆ. ಜಾಣ್ಮೆಗೆ ಚಪ್ಪಾಳೆ ತಟ್ಟುವುದು ಒಂದು. ಸೋತವರನ್ನು ಹೀಯಾಳಿಸುವುದು ಇನ್ನೊಂದು.

ಕಟ್ಟುವ ಮಕ್ಕಳನ್ನು ತಡೆಯಬೇಡಿ. ಆದರೆ ಕಾಲೇಜುಗಳು ಬಹುಮಾನ ಘೋಷಿಸುವ ಮುನ್ನ ಭದ್ರವಾದ ಅಖಾಡ ಕಟ್ಟಲಿ, ಕಟ್ಟುವ ಕೋಣೆಗೂ ತಪಾಸಣೆಯನ್ನು ತರಲಿ. ತಂದೆ ತಾಯಂದಿರು ಆಯುಧ ಎಷ್ಟು ಹರಿತ ಎಂದು ಕೇಳುವ ಬದಲು ಅಡ್ಡಗಂಬಿ ಎಲ್ಲಿದೆ ಎಂದು ಕೇಳಲಿ. ಎಚ್ಚರವಿದ್ದಲ್ಲಿ ಈ ಕಾಳಗ ಅಹಿಂಸೆಗೆ ವಿರುದ್ಧವಲ್ಲ. ಎಚ್ಚರ ತಪ್ಪಿದಲ್ಲಿ, ಒಂದು ಸ್ಕ್ರೂ ಕೂಡ ಮುರಿಯದಿದ್ದರೂ, ವಿರುದ್ಧವೇ.